ನೀಲಿ ಶುಂಠಿಯ ಕಾಕಾ

ಕಳೆದ ವಾರ ನಮ್ಮ ಹೊಟೇಲಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾವಿನ ಸುದ್ದಿ ಬಂತು. ಮೂರು ಪದಗಳ ಉದ್ದನೆಯ ಹೆಸರು, ವಿಟ್ಲದ ಹತ್ತಿರದ ಒಂದು ಊರು, ದಫನ ಮುಗಿದಿದೆ ಎಂಬ ಒಂದು ಸಾಲು. ಆ ಹೆಸರಿನವರು ಯಾರೂ ನನಗೆ ನೆನಪಾಗಲಿಲ್ಲ. ‘ಪಾಪ, ಯಾರಿವರು? ನಮ್ಮಲ್ಲಿ ಕೆಲಸ ಮಾಡಿದ್ದರಾ?’ ಎಂದು ಟೈಪ್ ಮಾಡಿ ಕಳಿಸಿಯೂ ಬಿಟ್ಟೆ. ಆಮೇಲೆ ನಮ್ಮ ಬಂಗಾಳಿ ಅಡುಗೆಯವನು ಒಂದೇ ಪದ ಬರೆದ: ಕಾಕಾ.

ಆರು ವರ್ಷ ದಿನವೂ ಕಂಡ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅಳು ಬರಬೇಕಿತ್ತು, ಬರಲಿಲ್ಲ. ನನ್ನ ತಲೆ ಯಾಕೋ, ಇವರು ಸತ್ತಿದ್ದು ಯಾವ ತಿಂಗಳು, ಈಗ ಬೆಟ್ಟದ ಮೇಲೆ ಎಷ್ಟು ಚಳಿ, ಹೂದಂಟು ಎದ್ದಿವೆಯೋ ಇಲ್ಲವೋ ಎಂದು ಲೆಕ್ಕ ಹಾಕತೊಡಗಿತು. ಕಾಕಾ ಇದ್ದಾಗಲೂ ಹೀಗೇ ಆಗುತ್ತಿತ್ತು. ಅವರ ಜೊತೆ ಮಾತಾಡಿ ಬಂದ ಮೇಲೆ ನನಗೆ ಏನು ಅನ್ನಿಸಬೇಕು ಎಂಬುದೇ ತಿಳಿಯುತ್ತಿರಲಿಲ್ಲ.

ನಾನು ಮೈಸೂರಿನವಳು. ಮದುವೆಯಾದದ್ದು ಮಂಗಳೂರಿನವರನ್ನು, ಸಂಸಾರ ಹೂಡಿದ್ದು ಒಮಾನಿನ ನಿಜ್ವಾದಲ್ಲಿ. ಗಂಡ ಅಲ್ಲಿ ಶಾಲೆಯ ಮೇಷ್ಟ್ರು. ನನ್ನ ಕೆಲಸ ಅಲ್ಲಿಂದ ಒಂದು ಗಂಟೆಯ ದಾರಿ ಮೇಲಕ್ಕೆ, ಜಬಲ್ ಅಖ್ದರ್ ಬೆಟ್ಟದ ಮೇಲಿನ ಒಂದು ಸಣ್ಣ ಹೊಟೇಲಿನಲ್ಲಿ. ಕೋಣೆ ಬುಕ್ ಮಾಡುವವರಿಗೆ ಉತ್ತರ ಬರೆಯುವುದು, ಮಾಲೀಕರ ಪರವಾಗಿ ಕಾಗದ ಪತ್ರ ನೋಡುವುದು. ಮಾಲೀಕರನ್ನು ನಾವೆಲ್ಲ ಕಫೀಲ್ ಎಂದೇ ಕರೆಯುತ್ತಿದ್ದೆವು. ನಮ್ಮ ವೀಸಾಕ್ಕೆಲ್ಲ ಅವರೇ ಜವಾಬ್ದಾರರು. ಕೆಳಗೆ ನಿಜ್ವಾದಲ್ಲಿ ಖರ್ಜೂರ ಬೇಯುವ ಸೆಕೆ ಇದ್ದರೆ ಮೇಲೆ ಸ್ವೆಟರ್ ಬೇಕು. ಜನವರಿಯಲ್ಲಿ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಪದರ ಕಟ್ಟುತ್ತದೆ. ಒಮಾನಿನಲ್ಲಿ ಹಿಮವೇ ಎಂದು ಊರಿನವರು ನಗುತ್ತಾರೆ. ನಾನೂ ಮೊದಲ ವರ್ಷ ಅದರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ.

ಕಾಕಾ ಅಲ್ಲಿನ ತೋಟ ನೋಡಿಕೊಳ್ಳುತ್ತಿದ್ದರು. ವಿಟ್ಲ ಕಡೆಯ ಬ್ಯಾರಿ. ದುಕ್ಮ್‌ನ ಬಂದರಿನ ಕಾರ್ಮಿಕರ ಕ್ಯಾಂಪಿನಲ್ಲಿ ಕೆಲವು ವರ್ಷ ಪಂಪು ರಿಪೇರಿ ಮಾಡಿಕೊಂಡಿದ್ದವರು, ಹೊಟೇಲಿನ ಪಂಪು ನೋಡಲು ಬೆಟ್ಟಕ್ಕೆ ಬಂದವರು ಹೇಗೋ ಗಿಡಗಳಿಗೆ ಅಂಟಿಕೊಂಡರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು, ನನ್ನನ್ನು ಅಕ್ಕ ಎನ್ನುತ್ತಿದ್ದರು. ಬೇಸಿಗೆಯ ಬಿಸಿಲಿನಲ್ಲಿ ಕಿವಿ ಮುಚ್ಚುವ ಉಣ್ಣೆಯ ಮಂಕಿ ಟೋಪಿ ಹಾಕಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಬರಿದಲೆ. ಇದೇನು ತಿರುಗುಮುರುಗು ಎಂದು ಕೇಳಿದ್ದೆ.

“ತಲೆಗೆ ಚಳಿ ಗೊತ್ತಾಗ್ಬೇಕಲ್ಲ ಅಕ್ಕ. ಇಲ್ಲದಿದ್ರೆ ಗಿಡಕ್ಕೆ ಚಳಿ ಆದದ್ದು ನಂಗೆ ಹೇಗೆ ಗೊತ್ತಾಗುದು?”

“ಸರಿ, ಬೇಸಿಗೇಲಿ ಯಾಕೆ?”

“ಅಭ್ಯಾಸ.”

ನನಗೆ ಅದು ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಅವರ ಮುಖದಲ್ಲಿ ನಗು ಮತ್ತು ಗಾಂಭೀರ್ಯ ಒಂದೇ ಥರ ಕಾಣಿಸುತ್ತಿದ್ದವು.

ಐರಿಸ್ ಹೂವಿನ ಗೆಡ್ಡೆಗಳನ್ನು ತರಿಸಿದ್ದು ಕಫೀಲ್. ಯಾವುದೋ ತಂಪು ದೇಶಕ್ಕೆ ಹೋದಾಗ ಆ ಹೂವನ್ನು ಕಂಡು ಮರುಳಾಗಿ ಒಂದು ಪೆಟ್ಟಿಗೆ ತುಂಬ ಹೊತ್ತು ತಂದಿದ್ದರಂತೆ. ನಮ್ಮ ಊರುಗಳಲ್ಲಿ ಕಾಣದ ಹೂವು ಅದು. ಕತ್ತಿಯಂಥ ಎಲೆ, ಮೂರು ಎಸಳು ಮೇಲಕ್ಕೆ, ಮೂರು ಕೆಳಕ್ಕೆ, ಕೆಳಗಿನ ಎಸಳಿನ ಮೇಲೆ ಹಳದಿ ಗಡ್ಡ. ಬಣ್ಣ ನೀಲಿಗೂ ನೇರಳೆಗೂ ನಡುವೆ. ಗೆಡ್ಡೆ ಮಾತ್ರ ಥೇಟ್ ಶುಂಠಿ. ಪೆಟ್ಟಿಗೆ ಬಿಚ್ಚಿದ ಕಾಕಾ, ಶುಂಠಿ ನೆಡುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡು, ಊರಿನಲ್ಲಿ ನೆಡುವ ಹಾಗೇ ಏರಿ ಮಾಡಿ, ಆಳವಾಗಿ ಹೂತು, ಮೇಲೆ ದಪ್ಪಗೆ ತರಗೆಲೆ ಹೊದಿಸಿದರು. ಎಲೆ ಸೊಗಸಾಗಿ ಬಂತು. ಎರಡು ವರ್ಷ ಒಂದೂ ಹೂವಿಲ್ಲ. ನಾನು ಸೇರಿದ ಹೊಸದರಲ್ಲಿ ಅದನ್ನು ಅಲಂಕಾರದ ಹುಲ್ಲು ಎಂದೇ ತಿಳಿದಿದ್ದೆ.

ಮೂರನೆಯ ವರ್ಷ ವಯಸ್ಸಾದ ವಿದೇಶಿ ಹೆಂಗಸೊಬ್ಬಳು ಬಂದು ತಂಗಿದ್ದಳು. ಸಾಲುಗಳನ್ನು ನೋಡಿ ಗೊಳ್ಳೆಂದು ನಕ್ಕು, ಅಲ್ಲೇ ಮಂಡಿಯೂರಿ ಕೂತು, ಬೆರಳಿನಿಂದ ಮಣ್ಣು ಕೆದಕಿ ಗೆಡ್ಡೆಗಳ ಮೇಲ್ಭಾಗವನ್ನು ಬಿಸಿಲಿಗೆ ಬಿಟ್ಟಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಕಾಕಾಗೆ ಅರ್ಥವಾಯಿತು. ಅವಳು ಹೋದ ಮೇಲೆ ಇಡೀ ತೋಟದ ತರಗೆಲೆ ಎಳೆದು ಹಾಕಿದರು. ಮುಂದಿನ ಮಾರ್ಚಿನಲ್ಲಿ ಹೂ ಬಂತು. “ಶುಂಠಿಗೆ ಕಂಬಳಿ ಬೇಕು, ನೀಲಿ ಶುಂಠಿಗೆ ಬೆನ್ನಿಗೆ ಬಿಸಿಲು ಬೇಕು. ಎರಡು ವರ್ಷ ಪಾಪದ್ದನ್ನು ಜೀವಂತ ಹೂತು ಹಾಕಿದ್ದೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತನ್ನ ತಪ್ಪನ್ನು ಅಷ್ಟು ಖುಷಿಯಿಂದ ಹೇಳಿಕೊಳ್ಳುವ ಇನ್ನೊಬ್ಬರನ್ನು ನಾನು ನೋಡಿಲ್ಲ.

ಬೆಟ್ಟದ ಆಡುಗಳು ಗೋಡೆ ಹಾರಿ ಬಂದು ದಾಳಿಂಬೆಯ ಚಿಗುರನ್ನೆಲ್ಲ ಬೋಳಿಸುತ್ತಿದ್ದವು. ನೀಲಿ ಶುಂಠಿಯನ್ನು ಮಾತ್ರ ಮೂಸಿ ಬಿಡುತ್ತಿದ್ದವು. “ಆಡು ಇದನ್ನು ಮುಟ್ಟುದಿಲ್ಲ ಅಕ್ಕ. ಕಹಿ. ಉಪವಾಸ ಸತ್ತರೂ ತಿನ್ನುದಿಲ್ಲ” ಎಂದು ಕಾಕಾ ಹೆಮ್ಮೆಪಡುತ್ತಿದ್ದರು. ಈ ಮಾತನ್ನು ನೆನಪಿಡಿ. ನನಗೆ ಇದು ಆಮೇಲೆ ಬಹಳ ಕಾಟ ಕೊಟ್ಟಿತು.

ಐರಿಸ್ ಎರಡು ಕಡೆ ಇತ್ತು. ಎದುರಿನ ಮೆಟ್ಟಿಲುತೋಟದಲ್ಲಿ ಮುಖ್ಯವಾದದ್ದು, ದಕ್ಷಿಣಕ್ಕೆ ಮುಖ ಮಾಡಿ, ಹಿಂದೆ ಕಲ್ಲಿನ ಗೋಡೆ. ಗೋಡೆ ಹಗಲೆಲ್ಲ ಕಾದು ಮಣ್ಣನ್ನು ಬೆಚ್ಚಗಿಡುತ್ತಿತ್ತು. ಫೆಬ್ರವರಿಯಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಚಳಿ ಹೋಯಿತೆಂದು ನಂಬಿ ದಂಟು ಎತ್ತಿಬಿಡುತ್ತಿದ್ದವು. ಇನ್ನೊಂದು ಕಡೆ ಹಿತ್ತಲಿನ ನೀರಿನ ಟ್ಯಾಂಕಿಯ ಹಿಂದೆ, ಬಟ್ಟೆ ಒಣಹಾಕುವ ತಂತಿಯ ಪಕ್ಕ. ಅಲ್ಲಿ ನೆರಳು. ಮಣ್ಣು ತಣ್ಣಗೆ. ಅಲ್ಲಿನವು ಏಳುವ ಹೊತ್ತಿಗೆ ಎದುರಿನವು ಹೂ ಬಿಟ್ಟು ಒಣಗಿರುತ್ತಿದ್ದವು. ಕಾಕಾ ಅವುಗಳನ್ನು ಉದಾಸೀನದವು, ಅಂದರೆ ಸೋಮಾರಿಗಳು, ಎಂದು ಕರೆಯುತ್ತಿದ್ದರು. ಹೆಚ್ಚಾದ ಗೆಡ್ಡೆಗಳನ್ನು ಅಲ್ಲಿ ಬಿಸಾಡಿದ್ದೆ, ತಾವಾಗಿ ಬೇರು ಬಿಟ್ಟವು ಎಂದು ಒಂದು ದಿನ ಹೇಳಿದರೆ, ಇನ್ನೊಂದು ದಿನ ಬೇಕೆಂದೇ ನೆಟ್ಟದ್ದು ಎನ್ನುತ್ತಿದ್ದರು. ಯಾವುದು ನಿಜ ಎಂದು ನಾನು ಕೇಳಲಿಲ್ಲ.

ಎದುರಿನ ಸಾಲಿನ ನಡುವೆ ಊಟದ ಒಂದು ಹಳೆಯ ಸ್ಟೀಲ್ ಬಟ್ಟಲಿನಲ್ಲಿ ನೀರು ತುಂಬಿಸಿ ಇಟ್ಟಿರುತ್ತಿದ್ದರು. ಬೆಳಿಗ್ಗೆ ನಮ್ಮ ಸ್ಟಾಫ್ ಗಾಡಿ ಮೇಲೆ ಬರುವಷ್ಟರಲ್ಲಿ ಕಾಕಾ ಆ ಬಟ್ಟಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೇಲೆ ಪದರ ಕಟ್ಟಿದೆಯೇ ಎಂದು ಬೆರಳಾಡಿಸಿ ನೋಡುತ್ತಿರುತ್ತಿದ್ದರು. ಕಟ್ಟಿದ್ದರೆ ಆ ದಿನ ಯಾರ ಹತ್ತಿರವೂ ಮಾತಿಲ್ಲ.

ನಾನು ಸೇರಿದ ಆರನೆಯ ವರ್ಷ ಕಫೀಲ್ ಒಂದು ಮಾತು ಹೇಳಿದರು. ತೋಟಕ್ಕೆ ಬಹಳ ನೀರು ಹೋಗುತ್ತಿದೆ, ಟ್ಯಾಂಕರ್ ಬೆಟ್ಟ ಹತ್ತಿ ಬರುವುದು ಸುಲಭವಲ್ಲ. ಏಪ್ರಿಲಿನಲ್ಲಿ ಗುಲಾಬಿ ನೋಡಲು ಜನ ಹೇಗೂ ಬರುತ್ತಾರೆ. ಮಾರ್ಚಿನಲ್ಲಿ ಹೊಟೇಲ್ ಖಾಲಿ. ಮಸ್ಕತ್‌ನ ಒಂದು ಪ್ರವಾಸಿ ಕಂಪನಿಯವರು ಈ ನೀಲಿ ಹೂವನ್ನು ನೋಡಲು ಬರುತ್ತಾರೆ. ಅವರಿಗೆ ಹಿಡಿಸಿ, ಮಾರ್ಚಿನಲ್ಲಿ ಜನರನ್ನು ಕಳಿಸಲು ಒಪ್ಪಿದರೆ ತೋಟ ಉಳಿಯುತ್ತದೆ. ಇಲ್ಲವಾದರೆ ಖಲಾಸ್, ಎದುರಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಕಾಕಾ ಬರ್ಕಾದಲ್ಲಿ ಕಫೀಲರಿಗಿದ್ದ ತರಕಾರಿ ತೋಟಕ್ಕೆ ಇಳಿಯಲಿ. ಬರ್ಕಾ ಕಡಲ ತೀರ. ಅಲ್ಲಿ ಐರಿಸ್ ಹೂ ಬಿಡುವ ಮಾತೇ ಇಲ್ಲ, ಅದಕ್ಕೆ ಚಳಿಗಾಲ ಬೇಕು.

ಬರುವವರಿಗೆ ತಾರೀಕು ತಿಳಿಸುವ ಕೆಲಸ ನನ್ನದು. ಹೋಗಿ ಕಾಕಾ ಹತ್ತಿರ ಕೇಳಿದೆ.

“ಎದುರಿನದ್ದು ಮಾರ್ಚ್ ಎರಡನೇ ವಾರ ಬರ್ತದೆ. ಆದ್ರೆ ಅದನ್ನು ನಂಬ್ಲಿಕ್ಕೆ ಆಗುದಿಲ್ಲ ಅಕ್ಕ. ಟ್ಯಾಂಕಿ ಹಿಂದಿನದ್ದು ತಡ, ಏಪ್ರಿಲ್ ಹತ್ತಿರ. ಅದು ಬರ್ತದೆ.”

“ಒಂದು ತಾರೀಕು ಹೇಳಿ ಕಾಕಾ. ಅವರು ಕೇಳ್ತಿರೋದು ಒಂದೇ.”

“ಹೂ ಬರುದು ಎರಡು ಸಲ, ನಾನು ಒಂದು ಹೇಗೆ ಹೇಳುದು? ಬರೆಯುದಾದ್ರೆ ಎರಡೂ ಬರೀರಿ.”

ನಾನು ಮಾರ್ಚ್ ಎರಡನೇ ವಾರ ಎಂದಷ್ಟೇ ಬರೆದೆ. ಎರಡು ತಾರೀಕು ಕೊಟ್ಟರೆ ನಮಗೇ ನಮ್ಮ ತೋಟದ ವಿಷಯ ತಿಳಿಯದು ಎಂದಾಗುತ್ತದೆ ಅನ್ನಿಸಿತು. ಟ್ಯಾಂಕಿಯ ಹಿಂದೆ, ಒದ್ದೆ ಟವೆಲ್ಲುಗಳ ನಡುವೆ ಅತಿಥಿಗಳನ್ನು ನಿಲ್ಲಿಸುವುದು ಹೇಗೆ ಎಂದೂ ಅನ್ನಿಸಿತು. ಅಷ್ಟೇ ಕಾರಣ. ದುರುದ್ದೇಶ ಏನೂ ಇರಲಿಲ್ಲ. ಹಾಗಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗಿಲ್ಲ.

ಆ ಫೆಬ್ರವರಿ ಬೆಚ್ಚಗಿತ್ತು. ದಂಟುಗಳು ಮೊಳಕಾಲೆತ್ತರ ಬೆಳೆದು, ಪೊರೆಯೊಳಗೆ ಮೊಗ್ಗು ಉಬ್ಬಿ ನಿಂತವು. ಮಾರ್ಚ್ ಮೊದಲ ವಾರ ತಣ್ಣನೆಯ ಗಾಳಿ ಬೀಸಿತು. ಗಾಳಿ ಇದ್ದಷ್ಟು ದಿನ ಕಾಕಾ ನಿರಾಳವಾಗಿದ್ದರು. ಒಂದು ಸಂಜೆ ನಾನು ಗಾಡಿ ಹತ್ತುವ ಹೊತ್ತಿಗೆ ಗಾಳಿ ನಿಂತಿತು, ಆಕಾಶ ಶುಭ್ರವಾಯಿತು. ಎಷ್ಟು ಚೆಂದ ಅಂದೆ. ಗಾಳಿ ನಿಂತು ಆಕಾಶ ತಿಳಿಯಾದ ರಾತ್ರಿಯೇ ಹಿಮ ಕಟ್ಟುವುದು ಎಂದು ನನಗೆ ಗೊತ್ತಿರಲಿಲ್ಲ. ಕಾಕಾ ಓಡಿಹೋಗಿ, ದಂಟುಗಳಿಗೆ ಹೊದಿಸಲು ಹೊಟೇಲಿನ ಹಾಸಿಗೆ ಚಾದರಗಳನ್ನು ರಾಶಿ ಹೊತ್ತು ತಂದರು. ರೂಮು ನೋಡಿಕೊಳ್ಳುವ ಫಿಲಿಪ್ಪೀನಿನ ಹೆಂಗಸು ಅವರ ಹಿಂದೆಯೇ ಕೂಗಾಡಿಕೊಂಡು ಬಂದಳು.

ಬೆಳಿಗ್ಗೆ ನಾನು ಬಂದಾಗ ಚಾದರಗಳು ಹಪ್ಪಳದಂತೆ ಸೆಟೆದು ನಿಂತಿದ್ದವು. ಬಟ್ಟಲಿನ ನೀರು ತಳದವರೆಗೆ ಗಟ್ಟಿ. ಮರುದಿನವೂ ಹಾಗೇ.

ವಿಚಿತ್ರವೆಂದರೆ, ಚಾದರ ತೆಗೆದಾಗ ದಂಟುಗಳು ನೆಟ್ಟಗೆ, ಹಸಿರಾಗಿ ನಿಂತಿದ್ದವು. ಎಲೆಯ ತುದಿ ಸ್ವಲ್ಪ ಬೆಳ್ಳಗಾಗಿತ್ತು, ಅಷ್ಟೇ. ನನಗೆ ಹೋದ ಜೀವ ಬಂದಂತಾಯಿತು. ಫೋಟೋ ತೆಗೆದು ಕಂಪನಿಯವರಿಗೆ ಕಳಿಸಿ ‘ಎಲ್ಲ ಸರಿಯಾಗಿದೆ’ ಎಂದು ಬರೆದೆ. ಕಾಕಾ ಮಾತ್ರ ಒಂದೊಂದೇ ದಂಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತುತ್ತ ಸಾಲಿನುದ್ದಕ್ಕೂ ಹೋದರು.

“ಒಳಗೆ ಇಲ್ಲ” ಎಂದರು.

“ಏನಿಲ್ಲ?”

“ಹೂ ಇಲ್ಲ.”

“ಹಸಿರಾಗೇ ಇದೆಯಲ್ಲ ಕಾಕಾ!”

ಅವರು ಒಂದು ಮೊಗ್ಗಿನ ಪೊರೆಯನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ನೀಲಿ ಇರಬೇಕಾದ ಕಡೆ ಸೋಸಿ ಬಿಟ್ಟ ಚಹಾಪುಡಿಯಂಥ ಕಂದು ಮುದ್ದೆ. ನಾನು ಆಗಲೂ ನಂಬಲಿಲ್ಲ. ಒಂದು ಹಾಗಿದ್ದರೆ ಎಲ್ಲವೂ ಹಾಗೆಯೇ ಎಂದೇನು? ಕಫೀಲ್‌ಗೆ ಈಗಲೇ ಹೇಳಬೇಡಿ, ಎರಡು ದಿನ ನೋಡೋಣ ಎಂದೆ. ಕಾಕಾ ನನ್ನ ಮುಖವನ್ನೇ ನೋಡಿ, “ಗೆಡ್ಡೆಗೆ ಏನೂ ಆಗುದಿಲ್ಲ ಅಕ್ಕ. ಈ ವರ್ಷದ್ದು ಮಾತ್ರ ಹೋದದ್ದು” ಎಂದರು. ಸಮಾಧಾನ ಹೇಳುತ್ತಿದ್ದದ್ದು ನನಗೋ, ಗಿಡಕ್ಕೋ, ತಮಗೋ ತಿಳಿಯಲಿಲ್ಲ.

ಕಂಪನಿಯವರು ಬರುವ ದಿನಕ್ಕೆ ದಂಟುಗಳು ಬುಡದಲ್ಲಿ ನೀರು ತುಂಬಿದ ಹಾಗಾಗಿ ಒಂದೊಂದೇ ಬಾಗಿದ್ದವು. ಬಂದ ಮೂವರು ಮರ್ಯಾದೆಯಿಂದ ಕಹ್ವಾ ಎಂಬ ಅರಬ್ಬಿ ಕಾಫಿ ಕುಡಿದು, ಖರ್ಜೂರ ತಿಂದು, ಗಡಿಯಾರ ನೋಡಿಕೊಂಡು ಇಳಿದು ಹೋದರು. ಅವರ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಕಫೀಲ್ ನಮ್ಮತ್ತ ತಿರುಗಿ, ಈ ತಾರೀಕು ಹೇಳಿದ್ದು ಯಾರು ಎಂದು ಕೇಳಿದರು. ನಾನು ಖಾಲಿ ಕಹ್ವಾ ಲೋಟಗಳನ್ನು ಎತ್ತಿಡತೊಡಗಿದೆ. ಪಕ್ಕದಲ್ಲಿ ನಿಂತಿದ್ದ ಕಾಕಾ ಅರಬ್ಬಿಯಲ್ಲಿ “ಅನಾ” ಎಂದರು. ನಾನು ಎಂದು ಅರ್ಥ.

ಎರಡನೆಯ ತಾರೀಕಿನ ವಿಷಯ ಈಗ ಹೇಳುತ್ತಾರೆ ಎಂದು ಕಾದೆ. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ವಾರವೇ ಕಾಕಾ ಬರ್ಕಾಕ್ಕೆ ಇಳಿದರು. ಹೋಗುವಾಗ ಬಟ್ಟಲನ್ನು ಬಿಟ್ಟುಹೋದರು, ಮಂಕಿ ಟೋಪಿ ತೆಗೆದುಕೊಂಡು ಹೋದರು.

ಮೂರು ವಾರವಾಗಿರಬೇಕು. ಹಿತ್ತಲಿಗೆ ಹೋದವಳು ಟ್ಯಾಂಕಿಯ ಹಿಂದೆ ಇಣುಕಿದೆ. ಉದಾಸೀನದವು ಒಂದೂ ಬಿಡದಂತೆ ಅರಳಿ ನಿಂತಿದ್ದವು. ಒಣಹಾಕಿದ ಬಿಳಿ ಟವೆಲ್ಲುಗಳ ಕೆಳಗೆ ಅಷ್ಟೂ ಉದ್ದ ನೀಲಿ. ಹಿಮ ಬಿದ್ದಾಗ ಅವು ಇನ್ನೂ ದಂಟೇ ಎತ್ತಿರಲಿಲ್ಲವಾದ್ದರಿಂದ ಕಳೆದುಕೊಳ್ಳಲು ಅವುಗಳ ಬಳಿ ಏನೂ ಇರಲಿಲ್ಲ. ಅಲ್ಲೇ ನಿಂತು ಅತ್ತೆ. ಫೋಟೋ ತೆಗೆದು ಕಾಕಾಗೆ ಕಳಿಸಿದೆ. ಕಫೀಲ್‌ಗೆ ಕಳಿಸುವ ಧೈರ್ಯವಾಗಲಿಲ್ಲ. ಕಳಿಸಿದರೆ ಉಳಿದದ್ದನ್ನೂ ಹೇಳಬೇಕಿತ್ತು. ಕಾಕಾ ವಾಯ್ಸ್ ಮೆಸೇಜ್ ಹಾಕಿದರು: “ಬಂತಾ? ಹೂ ಮುಗಿದ ಮೇಲೆ ದಂಟು ಬುಡಕ್ಕೆ ಕಡೀಲಿಕ್ಕೆ ಹೇಳಿ. ನೀರು ಜಾಸ್ತಿ ಬೇಡ.” ಅಷ್ಟೇ.

ಮುಂದಿನ ಚಳಿಗಾಲದ ಒಂದು ಶುಕ್ರವಾರ ನಾನೂ ನಮ್ಮವರೂ ಮೀನಿಗೆಂದು ಬರ್ಕಾದ ಮಾರ್ಕೆಟ್ಟಿಗೆ ಹೋಗಿದ್ದೆವು. ಮಂಜುಗಡ್ಡೆ ಮಾರುವವನ ಮುಂದೆ ಕಾಕಾ ನಿಂತಿದ್ದರು. ಬರಿದಲೆ. ಕೈಯಲ್ಲಿ ಪುಡಿ ಐಸಿನ ದೊಡ್ಡ ಪ್ಲಾಸ್ಟಿಕ್ ಚೀಲ.

“ಮೀನೆಲ್ಲಿ ಕಾಕಾ?”

“ಮೀನಿಗೆ ಅಲ್ಲ ಅಕ್ಕ. ಬನ್ನಿ.”

ತೋಟಕ್ಕೆ ಕರೆದುಕೊಂಡು ಹೋದರು. ಶೆಡ್ಡಿನ ನೆರಳಿನಲ್ಲಿ ಪೇಂಟಿನ ಮೂರು ಹಳೆಯ ಬಕೆಟ್ಟುಗಳಲ್ಲಿ ಐರಿಸ್ ಎಲೆಗಳಿದ್ದವು. ಬೆಟ್ಟದಿಂದ ಇಳಿಯುವಾಗ ಕೆಲವು ಗೆಡ್ಡೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಐಸನ್ನು ಗೆಡ್ಡೆಗಳ ಸುತ್ತ ಹರವಿ, ಮೇಲೆ ಗೋಣಿ ಮುಚ್ಚಿದರು. ದಿನಾ ಬೆಳಿಗ್ಗೆ ಹೀಗೆ ಮಾಡುತ್ತಾರಂತೆ. “ಇದಕ್ಕೆ ಚಳಿಗಾಲ ಬಂದದ್ದು ಗೊತ್ತಾಗ್ಬೇಕಲ್ಲ” ಎಂದರು. ಹಿಮದಿಂದ ತನ್ನ ಹೂವನ್ನೂ ಜಾಗವನ್ನೂ ಕಳೆದುಕೊಂಡ ಮನುಷ್ಯ ಈಗ ಹೂವಿಗಾಗಿ ಮಂಜುಗಡ್ಡೆ ಹೊರುತ್ತಿದ್ದ. ನನಗೆ ನಗು ಬಂತು, ಆ ನಗುವಿಗೆ ನಾಚಿಕೆಯೂ ಆಯಿತು.

“ಕಾಕಾ, ಅವತ್ತು ನೀವು ಎರಡು ತಾರೀಕು ಹೇಳಿದ್ರಿ. ನಾನು ಒಂದೇ ಬರೆದೆ” ಎಂದೆ.

“ನಾನು ದಿನಕ್ಕೆ ಹತ್ತು ಹೇಳ್ತೇನೆ. ನೀವು ಎಲ್ಲ ಬರೀಲಿಕ್ಕೆ ಕೂತ್ರೆ ಆಫೀಸು ನಡೀತದಾ?”

“ಮತ್ತೆ ಯಾಕೆ ಅನಾ ಅಂದ್ರಿ?”

“ಹೇಳಿದ್ದು ನಾನೇ ಅಲ್ವಾ ಅಕ್ಕ. ಬರೆದದ್ದು ಮಾತ್ರ ನೀವು.” ಗೋಣಿಯ ಅಂಚನ್ನು ಸರಿಮಾಡಿದರು. “ಬೇಗ ಚಾ ಕುಡೀರಿ, ನಿಮ್ಮ ಮೀನು ಹಾಳಾಗ್ತದೆ.”

ಅದು ಕ್ಷಮೆಯೋ, ಚುಚ್ಚುಮಾತೋ, ಬರೀ ಮಾತೋ? ದಾರಿಯುದ್ದಕ್ಕೂ ನಮ್ಮವರನ್ನು ಕೇಳಿದೆ. ಅವರು, ಆ ಮನುಷ್ಯ ನಿನಗೆ ಚಹಾ ಕೊಟ್ಟರಲ್ಲ, ಸಾಕು ಬಿಡು ಎಂದರು.

ಆ ವರ್ಷ ಏಪ್ರಿಲಿನಲ್ಲಿ ಫೋನ್ ಮಾಡಿ, ಬಕೆಟ್ಟಿನದ್ದು ಹೂ ಬಿಟ್ಟಿತೇ ಎಂದು ಕೇಳಿದೆ. “ಒಂದು ದಂಟು ಬಂದಿತ್ತು ಅಕ್ಕ. ಫೋಟೋ ತೆಗೀಲಿಕ್ಕೆ ಅಂತ ಫೋನ್ ತರುವಷ್ಟರಲ್ಲಿ ಆಡು ತಿಂದಿತು” ಎಂದರು. ದಂಟಾದರೂ ಬಂತಲ್ಲ ಎಂದು ನಾನು ತುಂಬ ಸಂತೋಷಪಟ್ಟೆ. ಫೋನಿಟ್ಟ ಮೇಲೆ ನೆನಪಾಯಿತು, ಆಡು ಅದನ್ನು ಮುಟ್ಟುವುದಿಲ್ಲ. ಹೇಳಿದ್ದವರು ಅವರೇ. ಹೂ ಬರಲೇ ಇಲ್ಲವೇ? ನನ್ನ ಮನಸ್ಸಿಗಾಗಿ ಸುಳ್ಳು ಹೇಳಿದರೇ? ಅಥವಾ ಬರ್ಕಾದ ಆಡುಗಳೇ ಬೇರೆಯೇ? ತಿರುಗಿ ಕೇಳಲಿಲ್ಲ. ಮುಂದಿನ ವರ್ಷ ವೀಸಾ ಮುಗಿಸಿ ಅವರು ಊರಿಗೆ ಹೋದರು, ಈಗ ಈ ಸುದ್ದಿ.

ಸುದ್ದಿ ಬಂದ ಮರುದಿನ ಕಫೀಲ್‌ಗೆ ಬರೆದೆ. ಆ ವರ್ಷ ತಾರೀಕು ಕೊಟ್ಟವಳು ನಾನು, ಕಾಕಾ ಎರಡು ಹೇಳಿದ್ದರು, ಒಂದನ್ನು ನಾನು ಬಿಟ್ಟೆ, ತಪ್ಪು ನನ್ನದು. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಕಳಿಸಿ, ಬೈಗುಳಕ್ಕೆ ಸಿದ್ಧಳಾಗಿ ಕೂತೆ. ಉತ್ತರ ಬಂತು: ‘ಅಲ್ಲಾಹ್ ಅವರಿಗೆ ಕರುಣೆ ತೋರಲಿ. ಯಾವ ತಾರೀಕು? ಬರ್ಕಾಕ್ಕೆ ಕಳಿಸಿ ಎಂದು ಕಾಕಾ ತಾನೇ ಕೇಳಿದ್ದು. ಮೇಲಿನ ಚಳಿಗೆ ಮೊಣಕಾಲು ನೋಯುತ್ತದೆ ಎಂದ.’

ಎಷ್ಟು ಸಲ ಓದಿದೆನೋ. ಕಾಕಾ ನಿಜವಾಗಿ ಕೇಳಿದ್ದರೇ? ಅಥವಾ ಕಫೀಲ್ ಮರೆತು ತಮಗೆ ಹಿತವಾದದ್ದನ್ನು ನೆನಪಿಟ್ಟುಕೊಂಡರೇ? ಚಳಿ ಬೇಡವೆಂದು ಇಳಿದುಹೋದವರು ದಿನಾ ಬೆಳಿಗ್ಗೆ ಐಸು ಹೊರುತ್ತಾರೆಯೇ? ನಾನು ಮಾಡಿದ ತಪ್ಪು ನನ್ನ ಒಬ್ಬಳ ನೆನಪಿನಲ್ಲಿ ಮಾತ್ರ ಉಳಿದಿದೆ. ಕ್ಷಮಿಸಬಹುದಾಗಿದ್ದ ಇಬ್ಬರಲ್ಲಿ ಒಬ್ಬರಿಗೆ ಅದು ನೆನಪಿಲ್ಲ, ಇನ್ನೊಬ್ಬರು ಇಲ್ಲ. ಇದಕ್ಕೆ ದುಃಖ ಎನ್ನುತ್ತಾರೋ ಏನೋ, ನನಗೆ ಗೊತ್ತಿಲ್ಲ.

ಪ್ಲಾಸ್ಟಿಕ್ ಹುಲ್ಲು ಎದುರಿನ ತೋಟದ ಅರ್ಧಕ್ಕೆ ಮಾತ್ರ ಸಾಕಾಗಿತ್ತು. ಉಳಿದರ್ಧದಲ್ಲಿ ಐರಿಸ್ ಇನ್ನೂ ಇದೆ. ಈ ಫೆಬ್ರವರಿಯೂ ಬೆಚ್ಚಗಿದೆ, ದಂಟು ಎದ್ದಿವೆ. ಮೊನ್ನೆ ಮಸ್ಕತ್‌ನಿಂದ ಯಾರೋ ಮೇಲ್ ಮಾಡಿ, ನಿಮ್ಮಲ್ಲಿ ನೀಲಿ ಹೂ ಯಾವಾಗ ಅರಳುತ್ತದೆ, ದಯವಿಟ್ಟು ಒಂದು ತಾರೀಕು ತಿಳಿಸಿ ಎಂದು ಕೇಳಿದ್ದರು.

ಉತ್ತರ ಬರೆದೆ. ಎದುರಿನದು ಮಾರ್ಚ್ ಎರಡನೇ ವಾರ, ಆದರೆ ನಂಬಲಾಗದು. ಟ್ಯಾಂಕಿಯ ಹಿಂದಿನದು ತಡ, ಏಪ್ರಿಲ್ ಹತ್ತಿರ, ಅದು ಬರುತ್ತದೆ. ‘ಇದನ್ನು ಹೇಳಿದವರು’ ಎಂದು ಕೊನೆಯಲ್ಲಿ ಸೇರಿಸಿ, ಮತ್ತೆ ಬೋರಲು ಹಾಕಿದ್ದ ಫೋನನ್ನು ತಿರುಗಿಸಿ, ಗ್ರೂಪಿನ ಆ ಸುದ್ದಿಯನ್ನು ಹುಡುಕಿ, ಮೂರು ಪದಗಳ ಆ ಹೆಸರನ್ನು ಒಂದಕ್ಷರವೂ ತಪ್ಪದಂತೆ ನೋಡಿಕೊಂಡು ಬರೆದೆ.